ಅಟ್ಟ ಮೇಲೂ ಆರದ ಒಲೆ: ಭೂಕಂಪ, ಸುನಾಮಿ ಮತ್ತು ಅಣುಸ್ಥಾವರ



ಕಳೆದ ತಿಂಗಳು ನಮ್ಮ ಕೂಟದ ಗೆಳೆಯರೊಬ್ಬರು ಫೋನ್ ಮಾಡಿದ್ದರು. ಮಗಳಿಗೆ ಕ್ಯಾಲಿಫೋರ್ನಿಯಾದ ಸ್ಯಾನ್ ಲೂಯಿಸ್ ಒಬಿಸ್ಪೊ ಊರಿನ ಕ್ಯಾಲ್ ಪಾಲಿ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದೆ. ಸಿಹಿ ಸುದ್ದಿಯೇ. ಆದರೆ ಅವರ ದನಿಯಲ್ಲಿ ಸಂತೋಷಕ್ಕಿಂತ ಅಳುಕೇ ಹೆಚ್ಚಿತ್ತು. "ಅಲ್ಲಿಂದ ಹತ್ತು ಹನ್ನೆರಡು ಮೈಲಿಗೆ ಡಯಾಬ್ಲೊ ಕ್ಯಾನ್ಯನ್ ಅಣುಸ್ಥಾವರ ಇದೆಯಂತಲ್ಲ ಸಾರ್. ಪಕ್ಕದಲ್ಲೇ ಸಮುದ್ರ, ಹತ್ತಿರದಲ್ಲೇ ಭೂಕಂಪದ ಬಿರುಕು. ಫುಕುಶಿಮಾ ತರಹ ಆಗಿಬಿಟ್ಟರೆ? ನೀವು ಪಂಪು, ಟರ್ಬೈನು ಅಂತ ಜೀವಮಾನ ಕಳೆದವರು. ಮಗಳನ್ನ ಕಳಿಸೋದೋ ಬೇಡವೋ, ನೀವೇ ಹೇಳಿ."

ಒಂದೇ ಮಾತಿನಲ್ಲಿ ಉತ್ತರ ಕೊಡಲು ನನಗೆ ಧೈರ್ಯ ಬರಲಿಲ್ಲ. ಅದಕ್ಕೆ ಕಾರಣವಿದೆ. 2010ರ ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ನಾನು ಅಣುವಿದ್ಯುತ್ತಿನ ಬಗ್ಗೆ ಒಂದು ಭಾಷಣ ಮಾಡಿದ್ದೆ. "ಭೂಕಂಪವಾದರೆ ಸ್ಥಾವರ ಕೆಲವೇ ಸೆಕೆಂಡುಗಳಲ್ಲಿ ತಾನೇ ನಿಂತುಬಿಡುತ್ತದೆ. ಅಲ್ಲಿಗೆ ಅಪಾಯ ಮುಗಿಯಿತು" ಎಂದು ಎದೆ ತಟ್ಟಿ ಹೇಳಿದ್ದೆ. ಚಪ್ಪಾಳೆಯೂ ಬಿತ್ತು. ಆಗ ಶಿರಸಿಯಿಂದ ಬಂದಿದ್ದ ಇದೇ ಗೆಳೆಯರ ತಾಯಿ ಊಟದ ಸಾಲಿನಲ್ಲಿ ನನ್ನನ್ನು ಹಿಡಿದು, "ಅಲ್ದಾ ತಮಾ, ಕೊಳ್ಳಿ ತೆಗೆದ ಮೇಲೂ ಬಚ್ಚಲ ಒಲೇಲಿ ಕೆಂಡ ಇರ್ತಲ, ಅದ್ಕೆ ಎಂತ ಮಾಡ್ತ?" ಎಂದು ಕೇಳಿದರು. ನಾನು ನಕ್ಕು, "ಅದಕ್ಕೆಲ್ಲ ವ್ಯವಸ್ಥೆ ಇರುತ್ತದೆ ಅಮ್ಮಾ" ಎಂದು ಹೋಳಿಗೆಯ ಕಡೆ ಹೊರಟೆ.

ನಾಲ್ಕು ತಿಂಗಳಲ್ಲಿ ಫುಕುಶಿಮಾ ಆಯಿತು. ಅಲ್ಲಿ ಕೈಕೊಟ್ಟದ್ದು ಆ ಅಮ್ಮ ಕೇಳಿದ ಕೆಂಡದ ವ್ಯವಸ್ಥೆಯೇ. ಆದ್ದರಿಂದ ಈ ಲೇಖನ ಪಾಠವೂ ಹೌದು, ನನ್ನ ಹಳೆಯ ಬಾಕಿಯ ತೀರುವಳಿಯೂ ಹೌದು. ದೊಡ್ಡವರು ಓದಿ, ಹೈಸ್ಕೂಲಿನ ಮಕ್ಕಳಿದ್ದರೆ ಅವರಿಗೂ ಓದಿ ಹೇಳಿ.

1. ಕೆಂಡದ ಲೆಕ್ಕ

ಅಣುಸ್ಥಾವರವೆಂದರೆ ಮೂಲತಃ ನೀರು ಕಾಯಿಸುವ ಹಂಡೆ. ಯುರೇನಿಯಂ ಪರಮಾಣು ಒಡೆದಾಗ ಹುಟ್ಟುವ ಶಾಖದಿಂದ ನೀರು ಆವಿಯಾಗಿ ಟರ್ಬೈನ್ ತಿರುಗುತ್ತದೆ. ಭೂಮಿ ಜೋರಾಗಿ ನಡುಗಿದರೆ ನಿಯಂತ್ರಣ ಸರಳುಗಳು ಇಂಧನದ ನಡುವೆ ಹೊಕ್ಕು ಪರಮಾಣು ಒಡೆಯುವ ಕ್ರಿಯೆಯನ್ನು ನಿಲ್ಲಿಸುತ್ತವೆ. ಇಲ್ಲಿಯವರೆಗೆ ನಾನು 2010ರಲ್ಲಿ ಹೇಳಿದ್ದು ಸರಿ.

ಆದರೆ ಒಡೆದ ಪರಮಾಣುಗಳ ಚೂರುಗಳು ತಾವೇ ವಿಕಿರಣ ಸೂಸುತ್ತಾ ಬಿಸಿಯಾಗಿರುತ್ತವೆ. ಇದನ್ನು ನಿಲ್ಲಿಸುವ ಗುಂಡಿ ಜಗತ್ತಿನಲ್ಲಿ ಎಲ್ಲೂ ಇಲ್ಲ. ಕಾಲ ಕಳೆದಂತೆ ತಾನೇ ಇಳಿಯಬೇಕು. ಸ್ಥಾವರ ನಿಂತ ಕ್ಷಣದಲ್ಲಿ ಈ ಉಳಿಕೆ ಶಾಖ ಪೂರ್ಣ ಶಾಖದ ಶೇಕಡಾ 6-7ರಷ್ಟು. ಒಂದು ಗಂಟೆಯ ನಂತರ ಸುಮಾರು ಶೇಕಡಾ ಒಂದೂವರೆ. ಒಂದು ದಿನದ ನಂತರ ಸುಮಾರು ಅರ್ಧ ಶೇಕಡಾ.

ಅರ್ಧ ಶೇಕಡಾ ಏನು ಮಹಾ ಎನ್ನಬೇಡಿ! ಫುಕುಶಿಮಾದ 2ನೇ ಮತ್ತು 3ನೇ ಘಟಕಗಳು ಒಂದೊಂದೂ 2,381 ಮೆಗಾವ್ಯಾಟ್ ಶಾಖ ಉತ್ಪಾದಿಸುತ್ತಿದ್ದವು. ಅದರ ಅರ್ಧ ಶೇಕಡಾ ಎಂದರೆ ಸುಮಾರು 12 ಮೆಗಾವ್ಯಾಟ್. ನಾವು ಊರಿನಲ್ಲಿ ಬಕೆಟ್ಟಿಗೆ ಹಾಕುವ ಒಂದು ಕಿಲೋವ್ಯಾಟಿನ ವಾಟರ್ ಹೀಟರ್ ರಾಡ್ ಇದೆಯಲ್ಲ, ಅಂಥ 12,000 ರಾಡುಗಳು ಒಂದೇ ಹಂಡೆಯಲ್ಲಿ ಹಗಲೂ ರಾತ್ರಿ ಉರಿದಂತೆ. ಕುದಿಯುತ್ತಿರುವ ಒಂದು ಲೀಟರ್ ನೀರನ್ನು ಪೂರ್ತಿ ಆವಿ ಮಾಡಲು ಸುಮಾರು 22.6 ಲಕ್ಷ ಜೂಲ್ ಬೇಕು. ಭಾಗಿಸಿ ನೋಡಿ: ಸೆಕೆಂಡಿಗೆ ಐದು ಲೀಟರಿಗೂ ಹೆಚ್ಚು, ಗಂಟೆಗೆ ಸುಮಾರು 19,000 ಲೀಟರ್ ನೀರು ಆವಿಯಾಗಿ ಹೋಗುತ್ತದೆ. ಅಷ್ಟು ನೀರನ್ನು ಯಾರಾದರೂ ತುಂಬಿಸುತ್ತಲೇ ಇರಬೇಕು. ತುಂಬಿಸಲು ಪಂಪು ಬೇಕು, ಹೆಚ್ಚಿನ ಪಂಪುಗಳಿಗೆ ವಿದ್ಯುತ್ ಬೇಕು.

ನಮ್ಮಲ್ಲಿ "ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು" ಎಂಬ ಗಾದೆ ಇದೆ. ಅಣುಸ್ಥಾವರದಲ್ಲಿ ಅಡಿಗೆ ಮುಗಿದ ಮೇಲೂ ಒಲೆ ಉರಿಯುವುದು ಗಾದೆಯಲ್ಲ, ಭೌತಶಾಸ್ತ್ರ.

2. ಫುಕುಶಿಮಾದಲ್ಲಿ ಆದದ್ದೇನು?

2011ರ ಮಾರ್ಚ್ 11, ಜಪಾನಿನ ಸಮಯ ಮಧ್ಯಾಹ್ನ 2 ಗಂಟೆ 46 ನಿಮಿಷ. ಈಶಾನ್ಯ ಜಪಾನಿನ ಕಡಲಿನಲ್ಲಿ 9.0 ತೀವ್ರತೆಯ ಭೂಕಂಪ. ಫುಕುಶಿಮಾ ದೈಚಿ ಸ್ಥಾವರದ ಆರು ಘಟಕಗಳಲ್ಲಿ ಮೂರು ನಡೆಯುತ್ತಿದ್ದವು. ಮೂರೂ ತಾವಾಗಿಯೇ ನಿಂತವು. ಹೊರಗಿನ ವಿದ್ಯುತ್ ಲೈನುಗಳು ಹಾಳಾದವು. ತಕ್ಷಣ ಡೀಸೆಲ್ ಜನರೇಟರುಗಳು ಚಾಲೂ ಆದವು. ನೀರು ಹರಿಯುತ್ತಿತ್ತು.

ಸುಮಾರು 50 ನಿಮಿಷಗಳ ನಂತರ ದೊಡ್ಡ ಅಲೆ ಬಂತು. 1ರಿಂದ 4ನೇ ಘಟಕಗಳು ನಿಂತಿದ್ದ ನೆಲ ಸಮುದ್ರಮಟ್ಟದಿಂದ 10 ಮೀಟರ್ ಎತ್ತರ. ಬಂದ ನೀರು 14-15 ಮೀಟರ್. ಜನರೇಟರುಗಳಲ್ಲಿ ಹೆಚ್ಚಿನವು ನೆಲಮಾಳಿಗೆಯಲ್ಲಿದ್ದವು. ಭೂಕಂಪಕ್ಕೆ ನೆಲಮಾಳಿಗೆ ಗಟ್ಟಿ ಜಾಗ; ನೀರಿಗೆ ಅದೇ ಬಾವಿ. ಮೇಲ್ಗಡೆ ಇದ್ದು ಉಳಿದ ಒಂದೆರಡು ಜನರೇಟರುಗಳೂ ಆ ನಾಲ್ಕು ಘಟಕಗಳಿಗೆ ಪ್ರಯೋಜನಕ್ಕೆ ಬರಲಿಲ್ಲ, ಏಕೆಂದರೆ ಅವುಗಳ ವಿದ್ಯುತ್ತನ್ನು ಹಂಚುವ ಸ್ವಿಚ್‌ಬೋರ್ಡುಗಳು ಮುಳುಗಿದ್ದವು. ಬ್ಯಾಟರಿಗಳೂ ಕೆಟ್ಟಾಗ ಸಿಬ್ಬಂದಿ ಕಾರುಗಳ ಬ್ಯಾಟರಿ ಬಿಚ್ಚಿ ತಂದು ಮೀಟರು ಓದಬೇಕಾಯಿತು!

ನೀರು ಬತ್ತಿತು, ಇಂಧನ ಕರಗಿತು. ಇಂಧನ ಸರಳುಗಳ ಹೊದಿಕೆ ಜಿರ್ಕೋನಿಯಂ ಲೋಹದ್ದು; ಅದು ಅತಿ ಬಿಸಿಯಲ್ಲಿ ಹಬೆಯೊಡನೆ ಸೇರಿ ಹೈಡ್ರೋಜನ್ ಕೊಡುತ್ತದೆ. ಮಾರ್ಚ್ 12ರಂದು 1ನೇ ಘಟಕದ, 14ರಂದು 3ನೇ ಘಟಕದ, 15ರಂದು 4ನೇ ಘಟಕದ ಕಟ್ಟಡ ಹೈಡ್ರೋಜನ್ ಸ್ಫೋಟದಿಂದ ಹಾರಿತು. ಟಿವಿಯಲ್ಲಿ ನಾವೆಲ್ಲ ನೋಡಿದ್ದು ಅಣುಬಾಂಬಿನಂಥ ಸ್ಫೋಟವಲ್ಲ, ಈ ಅನಿಲದ ಸ್ಫೋಟ.

ಅದೇ ಆವರಣದ 5 ಮತ್ತು 6ನೇ ಘಟಕಗಳು ಉಳಿದವು. ಅಲ್ಲಿನ ನೆಲ 13 ಮೀಟರ್ ಎತ್ತರ. 6ನೇ ಘಟಕದ ಒಂದು ಜನರೇಟರ್ ಮೇಲ್ಮಟ್ಟದಲ್ಲಿತ್ತು, ತಂಪಾಗಲು ಅದಕ್ಕೆ ಸಮುದ್ರದ ನೀರು ಬೇಕಿರಲಿಲ್ಲ, ಗಾಳಿ ಸಾಕಿತ್ತು. ಆ ಒಂದೇ ಜನರೇಟರ್ ಎರಡು ಘಟಕಗಳನ್ನು ಕಾಪಾಡಿತು.

ಅಲ್ಲಿಂದ ಸುಮಾರು 12 ಕಿಲೋಮೀಟರ್ ದಕ್ಷಿಣಕ್ಕೆ ಫುಕುಶಿಮಾ ದೈನಿ ಎಂಬ ಇನ್ನೊಂದು ಸ್ಥಾವರ. ನಾಲ್ಕೂ ಘಟಕಗಳು ನಡೆಯುತ್ತಿದ್ದವು, ಅಲ್ಲಿಗೂ ನೀರು ನುಗ್ಗಿತು. ಆದರೆ ಹೊರಗಿನಿಂದ ಬರುವ ಒಂದು ವಿದ್ಯುತ್ ಲೈನು ಉಳಿದಿತ್ತು. ಸಿಬ್ಬಂದಿ ಸುಮಾರು 9 ಕಿಲೋಮೀಟರ್ ದಪ್ಪ ಕೇಬಲ್ಲನ್ನು ಹೆಗಲ ಮೇಲೆ ಹೊತ್ತು ಎಳೆದು ಪಂಪುಗಳಿಗೆ ಜೋಡಿಸಿದರು. ಮಾರ್ಚ್ 15ರ ಹೊತ್ತಿಗೆ ನಾಲ್ಕೂ ಘಟಕಗಳು ತಣ್ಣಗಾದವು.

3. ಎತ್ತರದಲ್ಲಿ ಕಟ್ಟಿದವರು

ಈಗ ಒನಗಾವಾ ಸ್ಥಾವರದ ಕತೆ ಕೇಳಿ. ಇದು ಭೂಕಂಪದ ಕೇಂದ್ರಕ್ಕೆ ಫುಕುಶಿಮಾಕ್ಕಿಂತ ಹತ್ತಿರ. ಇಲ್ಲಿಗೆ ಬಂದ ಅಲೆ ಸುಮಾರು 13 ಮೀಟರ್. ಆದರೆ ಸ್ಥಾವರದ ನೆಲ 14.8 ಮೀಟರ್ ಎತ್ತರ. ಭೂಕಂಪದಿಂದ ಆ ನೆಲವೇ ಸುಮಾರು ಒಂದು ಮೀಟರ್ ಕುಸಿಯಿತು. ಅಂದರೆ ಗೆದ್ದದ್ದು ಒಂದು ಮೀಟರಿಗಿಂತ ಕಡಿಮೆ ಅಂತರದಲ್ಲಿ! ಸಮಸ್ಯೆಗಳು ಇಲ್ಲದಿರಲಿಲ್ಲ, ಒಂದು ಸ್ವಿಚ್‌ಬೋರ್ಡಿಗೆ ಬೆಂಕಿ ಬಿತ್ತು, ಒಂದು ಪಂಪಿನ ಕೋಣೆಗೆ ನೀರು ಹೊಕ್ಕಿತು. ಆದರೂ ಮೂರೂ ಘಟಕಗಳು ಸುರಕ್ಷಿತವಾಗಿ ತಣ್ಣಗಾದವು. ಮನೆ ಕಳೆದುಕೊಂಡ ಸುತ್ತಲ ಹಳ್ಳಿಗಳ 300ಕ್ಕೂ ಹೆಚ್ಚು ಜನ ಅದೇ ಸ್ಥಾವರದ ಜಿಮ್ನೇಸಿಯಂನಲ್ಲಿ ಆಶ್ರಯ ಪಡೆದರು.

ಆ ಎತ್ತರ ಸುಮ್ಮನೆ ಬಂದದ್ದಲ್ಲ. ಮೊದಲ ವಿನ್ಯಾಸದ ಕಾಲದಲ್ಲಿ ಅಲ್ಲಿ ನಿರೀಕ್ಷಿಸಿದ್ದ ಅಲೆ ಕೇವಲ 3 ಮೀಟರಿನಷ್ಟು. ತೊಹೊಕು ವಿದ್ಯುತ್ ಕಂಪನಿಯ ಹಿರಿಯ ಇಂಜಿನಿಯರ್ ಹಿರಾಯಿ ಯಾನೊಸುಕೆ ಇದನ್ನು ಒಪ್ಪಲಿಲ್ಲ. ಆ ಕರಾವಳಿಯಲ್ಲಿ ಕ್ರಿ.ಶ. 869ರಲ್ಲಿ ಜೋಗನ್ ಎಂದು ಹೆಸರಾದ ಮಹಾ ಸುನಾಮಿ ಬಂದಿತ್ತು. ಅದನ್ನು ನೆನಪಿಟ್ಟು ನೆಲ ಎತ್ತರದಲ್ಲೇ ಇರಬೇಕೆಂದು ಪಟ್ಟು ಹಿಡಿದರು. 1986ರಲ್ಲಿ ತೀರಿಕೊಂಡ ಅವರು ತಮ್ಮ ಹಟದ ಫಲ ನೋಡಲಿಲ್ಲ.

ಫುಕುಶಿಮಾ ದೈಚಿಯಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. ಅಲ್ಲಿದ್ದ ಸುಮಾರು 35 ಮೀಟರ್ ಎತ್ತರದ ದಿಬ್ಬವನ್ನೇ ಕಡಿದು 10 ಮೀಟರಿಗೆ ಇಳಿಸಿದ್ದರು. ನೀರೆತ್ತುವ ಖರ್ಚು ಕಡಿಮೆ, ಬುಡಕ್ಕೆ ಗಟ್ಟಿ ಬಂಡೆ ಸಿಗುತ್ತದೆ ಎಂಬ ಲೆಕ್ಕ. ಸುನಾಮಿಗೆ ಮೊದಲು ಹಿಡಿದ ಅಂದಾಜು 3.1 ಮೀಟರ್, 1960ರ ಚಿಲಿ ಸುನಾಮಿಯನ್ನು ನೋಡಿ ಹಾಕಿದ್ದು. 2002ರಲ್ಲಿ ಅದು 5.7 ಮೀಟರಿಗೆ ಏರಿತು. 2008ರಲ್ಲಿ ಟೆಪ್ಕೊ ಕಂಪನಿಯ ಒಳಗೇ ಮಾಡಿಸಿದ ಲೆಕ್ಕ 15.7 ಮೀಟರಿನವರೆಗೂ ನೀರು ಬರಬಹುದೆಂದು ತೋರಿಸಿತು. ಇನ್ನಷ್ಟು ಅಧ್ಯಯನ ಆಗಲಿ ಎಂದು ಆ ಕಾಗದ ಬದಿಗೆ ಸರಿಯಿತು. ಮೂರು ವರ್ಷಕ್ಕೆ ಅಲೆಯೇ ಬಂತು. ಜಪಾನಿನ ಸಂಸತ್ತು ನೇಮಿಸಿದ ಸ್ವತಂತ್ರ ಸಮಿತಿ 2012ರಲ್ಲಿ ಇದನ್ನು ಮನುಷ್ಯನೇ ಮಾಡಿಕೊಂಡ ದುರಂತ ಎಂದು ಕರೆಯಿತು.

ಎಚ್ಚರಿಕೆಗಳು ಬೇರೆ ಕಡೆಗಳಿಂದಲೂ ಬಂದಿದ್ದವು. 1999ರ ಡಿಸೆಂಬರಿನಲ್ಲಿ ಫ್ರಾನ್ಸಿನ ಬ್ಲೇಯೆ ಸ್ಥಾವರಕ್ಕೆ ಬಿರುಗಾಳಿಯ ನೀರು ತಡೆಗೋಡೆ ದಾಟಿ ನುಗ್ಗಿ ಕೆಲವು ಸುರಕ್ಷತಾ ಪಂಪುಗಳನ್ನು ಮುಳುಗಿಸಿತ್ತು. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ನಮ್ಮ ಕಲ್ಪಾಕ್ಕಂನಲ್ಲಿ ಸಮುದ್ರದ ನೀರು ಪಂಪ್‌ಹೌಸಿಗೆ ನುಗ್ಗಿತು. ಅಲ್ಲಿ ನಡೆಯುತ್ತಿದ್ದ ಘಟಕವನ್ನು ಸುರಕ್ಷಿತವಾಗಿ ನಿಲ್ಲಿಸಿ ತಣ್ಣಗಾಗಿಸಿದರು. ಸಿಬ್ಬಂದಿ ವಾಸಿಸುತ್ತಿದ್ದ ಟೌನ್‌ಶಿಪ್ಪಿನಲ್ಲಿ ಮಾತ್ರ ಅಲೆ ಜೀವಗಳನ್ನು ಬಲಿ ತೆಗೆದುಕೊಂಡಿತು.

4. ಹಾನಿ ಎಷ್ಟು? ಭಯ ಎಷ್ಟು?

ಇಲ್ಲಿ ಎರಡು ಕಡೆಯೂ ಉತ್ಪ್ರೇಕ್ಷೆ ಇದೆ. ಭೂಕಂಪ ಮತ್ತು ಸುನಾಮಿಯಲ್ಲಿ ಸತ್ತವರು, ಕಾಣೆಯಾದವರು ಒಟ್ಟು 18,000ಕ್ಕೂ ಹೆಚ್ಚು. ಅವರನ್ನು ಕೊಂದದ್ದು ವಿಕಿರಣವಲ್ಲ, ನೀರು. ವಿಕಿರಣದಿಂದ ಸತ್ತರೆಂದು ಜಪಾನ್ ಸರಕಾರ 2018ರಲ್ಲಿ ಮೊದಲ ಬಾರಿಗೆ ಒಪ್ಪಿ ಪರಿಹಾರ ಕೊಟ್ಟದ್ದು ಶ್ವಾಸಕೋಶದ ಕ್ಯಾನ್ಸರ್ ಆಗಿದ್ದ ಒಬ್ಬ ಕೆಲಸಗಾರನ ವಿಷಯದಲ್ಲಿ. ವಿಶ್ವಸಂಸ್ಥೆಯ ವೈಜ್ಞಾನಿಕ ಸಮಿತಿಯ ವರದಿಗಳು ಅಲ್ಲಿನ ನಿವಾಸಿಗಳಲ್ಲಿ ನೇರವಾಗಿ ವಿಕಿರಣಕ್ಕೆ ಹೊರಿಸಬಹುದಾದ ಆರೋಗ್ಯ ಹಾನಿ ದಾಖಲಾಗಿಲ್ಲ ಎನ್ನುತ್ತವೆ.

ಹಾಗಾದರೆ ಏನೂ ಆಗಲಿಲ್ಲವೇ? ಖಂಡಿತ ಹಾಗಲ್ಲ. ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಮನೆ, ಗದ್ದೆ, ದನಕರು ಬಿಟ್ಟು ಹೊರಟರು. ಆಸ್ಪತ್ರೆ, ವೃದ್ಧಾಶ್ರಮಗಳಿಂದ ಆತುರದಲ್ಲಿ ಸಾಗಿಸುವಾಗ ರೋಗಿಗಳು ದಾರಿಯಲ್ಲೇ ಪ್ರಾಣ ಬಿಟ್ಟರು. ನಿರಾಶ್ರಿತ ಬದುಕಿನ ಬಳಲಿಕೆ, ಕಾಯಿಲೆ, ಆತ್ಮಹತ್ಯೆ ಎಲ್ಲ ಸೇರಿ ಫುಕುಶಿಮಾ ಪ್ರಾಂತ್ಯದಲ್ಲಿ 2,300ಕ್ಕೂ ಹೆಚ್ಚು ಸಾವುಗಳನ್ನು ದುರಂತ-ಸಂಬಂಧಿ ಎಂದು ಲೆಕ್ಕ ಹಾಕಿದ್ದಾರೆ. ಹುಟ್ಟಿದೂರು ಬಿಟ್ಟು ಬಂದ ನಮ್ಮಂಥವರಿಗೆ ಊರು ಎಂದರೇನೆಂದು ಗೊತ್ತು. ನಾವು ಸೂಟ್‌ಕೇಸು ಕಟ್ಟಿಕೊಂಡು, ಮತ್ತೆ ಬರುತ್ತೇವೆಂದು ಹೇಳಿ ಬಂದವರು. ಅವರಿಗೆ ಆ ಭಾಗ್ಯವೂ ಇರಲಿಲ್ಲ.

5. ಕೇಳಬೇಕಾದ ಮೂರು ಪ್ರಶ್ನೆ

"ಅಣುಸ್ಥಾವರ ಸುರಕ್ಷಿತವೇ?" ಎಂಬ ಪ್ರಶ್ನೆಗೆ ಉತ್ತರವಿಲ್ಲ. "ಈ ಜಾಗದಲ್ಲಿ, ಈ ಸ್ಥಾವರ ಸುರಕ್ಷಿತವೇ?" ಎಂದು ಕೇಳಬೇಕು. ನಾನು ಈಗ ಮೂರು ಪ್ರಶ್ನೆಗಳಾಗಿ ಒಡೆದು ನೋಡುತ್ತೇನೆ. ಗೆಳೆಯರ ಮಗಳಿಗಾಗಿ ಡಯಾಬ್ಲೊ ಕ್ಯಾನ್ಯನ್ನನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

ಮೊದಲನೆಯದು: ಎಷ್ಟು ದೊಡ್ಡ ಏಟಿಗೆ ಕಟ್ಟಿದ್ದಾರೆ, ಹೊಸ ಮಾಹಿತಿ ಬಂದಾಗ ಆ ಲೆಕ್ಕವನ್ನು ಮತ್ತೆ ಮಾಡಿದರೇ? ಡಯಾಬ್ಲೊದಿಂದ ಸುಮಾರು 5 ಕಿಲೋಮೀಟರ್ ದೂರದ ಕಡಲಿನಲ್ಲಿ ಹೊಸ್‌ಗ್ರಿ ಎಂಬ ಬಿರುಕು ಇದೆಯೆಂದು ಗೊತ್ತಾದದ್ದು 1970ರ ದಶಕದಲ್ಲಿ, ಕಟ್ಟಡ ಆಗಲೇ ಏಳುತ್ತಿದ್ದಾಗ. ಅದಕ್ಕಾಗಿ ಮತ್ತೆ ಬಲಪಡಿಸಿ, 1985-86ರಲ್ಲಿ ಸ್ಥಾವರ ಪೂರ್ಣವಾಗಿ ಕೆಲಸಕ್ಕೆ ಬಂತು. 2008ರಲ್ಲಿ ಶೋರ್‌ಲೈನ್ ಎಂಬ ಇನ್ನೊಂದು ಬಿರುಕು ಒಂದು ಕಿಲೋಮೀಟರಿಗಿಂತ ಹತ್ತಿರದಲ್ಲಿ ಕಂಡಿತು. ಮತ್ತೆ ಲೆಕ್ಕ ಹಾಕಿ, ಈಗಿನ ವಿನ್ಯಾಸ ತಡೆಯುತ್ತದೆ ಎಂದರು. ಇದನ್ನು ಒಪ್ಪದ ಭೂವಿಜ್ಞಾನಿಗಳೂ ಇದ್ದಾರೆ. ಈ ವಾದ ಬಹಿರಂಗವಾಗಿ ನಡೆಯುತ್ತಿರುವುದೇ ನನಗೆ ಸ್ವಲ್ಪ ಸಮಾಧಾನ. ಮುಚ್ಚಬೇಕೆಂದಿದ್ದ ಈ ಸ್ಥಾವರವನ್ನು 2030ರವರೆಗೆ ಮುಂದುವರಿಸಲು ರಾಜ್ಯ 2022ರಲ್ಲಿ ಕಾನೂನು ಮಾಡಿತು. ಆಯಸ್ಸು ಹೆಚ್ಚಿದಷ್ಟೂ ಈ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿರಬೇಕು.

ಎರಡನೆಯದು: ಎಲ್ಲ ಕರೆಂಟೂ ಹೋದರೆ ನೀರು ಎಲ್ಲಿಂದ? ಒಂದೇ ಏಟಿಗೆ ಎಲ್ಲ ಆಸರೆಯೂ ಬೀಳುವಂತಿದೆಯೇ? ಡಯಾಬ್ಲೊದ ಮುಖ್ಯ ಕಟ್ಟಡಗಳು ಸಮುದ್ರಮಟ್ಟದಿಂದ 85 ಅಡಿ, ಅಂದರೆ ಸುಮಾರು 26 ಮೀಟರ್ ಎತ್ತರದಲ್ಲಿವೆ. ಡೀಸೆಲ್ ಜನರೇಟರುಗಳೂ ಆ ಮಟ್ಟದಲ್ಲೇ ಇವೆ. ಗುಡ್ಡದ ಮೇಲೆ ನೀರಿನ ಸಂಗ್ರಹವಿದೆ. ಪಂಪು ಇಲ್ಲದಿದ್ದರೂ ನೀರು ಕೆಳಗೆ ಹರಿಯುತ್ತದೆ. ಸಮುದ್ರದ ನೀರೆಳೆಯುವ ಪಂಪುಗಳು ಮಾತ್ರ ಕೆಳಗೆ ದಡದಲ್ಲಿವೆ. ಫುಕುಶಿಮಾದ ನಂತರ, 2012ರಲ್ಲಿ, ಅಮೆರಿಕದ ಅಣು ನಿಯಂತ್ರಣ ಆಯೋಗ ಎಲ್ಲ ಸ್ಥಾವರಗಳೂ ಸಾಗಿಸಬಹುದಾದ ಪಂಪು, ಜನರೇಟರುಗಳನ್ನು ಇಟ್ಟುಕೊಳ್ಳಬೇಕೆಂದು ಆಜ್ಞೆ ಮಾಡಿತು. ಮೆಂಫಿಸ್ ಮತ್ತು ಫೀನಿಕ್ಸ್ ಊರುಗಳಲ್ಲಿ ಇಡೀ ದೇಶಕ್ಕಾಗಿ ಇನ್ನಷ್ಟು ಉಪಕರಣಗಳ ಉಗ್ರಾಣಗಳಿವೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಬದಲು ಮೊದಲೇ ತೋಡಿಟ್ಟ ಬಾವಿಗಳು ಇವು.

ಮೂರನೆಯದು: ಜನ ಹೊರಡುವ ದಾರಿ ಇದೆಯೇ? ಇದನ್ನು ನಾವು ಮರೆಯುತ್ತೇವೆ. 2024ರ ಜನವರಿ 1ರಂದು ಜಪಾನಿನ ನೋಟೊ ಪರ್ಯಾಯ ದ್ವೀಪದಲ್ಲಿ ದೊಡ್ಡ ಭೂಕಂಪವಾಯಿತು. ಅಲ್ಲಿನ ಶಿಕಾ ಸ್ಥಾವರ ವರ್ಷಗಳಿಂದ ನಿಂತೇ ಇತ್ತು, ಅಪಾಯವಾಗಲಿಲ್ಲ. ಆದರೆ ರಸ್ತೆಗಳು ಬಿರಿದು ಗುಡ್ಡ ಕುಸಿದು ಹಳ್ಳಿಗಳು ತುಂಡಾದವು. "ಮನೆಯೊಳಗೇ ಇರಿ" ಎನ್ನಲು ಎಷ್ಟೋ ಮನೆಗಳೇ ನಿಂತಿರಲಿಲ್ಲ. ಅದೇ ಪರ್ಯಾಯ ದ್ವೀಪದ ತುದಿಯ ಸುಜು ಊರಿನಲ್ಲೂ ಒಂದು ಸ್ಥಾವರ ಬರಬೇಕಿತ್ತು. ಸ್ಥಳೀಯರ ದೀರ್ಘ ವಿರೋಧದ ನಂತರ 2003ರಲ್ಲಿ ಯೋಜನೆ ನಿಂತಿತ್ತು. 2024ರಲ್ಲಿ ಅತಿ ಹೆಚ್ಚು ಪೆಟ್ಟು ತಿಂದ ಊರುಗಳಲ್ಲಿ ಸುಜುವೂ ಒಂದು.

ಇದೇ ಪ್ರಶ್ನೆಗಳನ್ನು ನಮ್ಮ ಕೈಗಾಕ್ಕೂ ಕೇಳಬಹುದು. ಉತ್ತರ ಕನ್ನಡದ ನಮಗೆ ಇದು ಮನೆಯ ವಿಷಯ. ಕೈಗಾ ವಿರೋಧಿಸಿ ಶಿವರಾಮ ಕಾರಂತರು 1989ರಲ್ಲಿ ಲೋಕಸಭೆ ಚುನಾವಣೆಗೇ ನಿಂತಿದ್ದರು. ಅದೇ ಕೈಗಾದ 1ನೇ ಘಟಕ 2018ರಲ್ಲಿ 962 ದಿನ ಸತತವಾಗಿ ನಡೆದು ವಿಶ್ವದಾಖಲೆ ಮಾಡಿತು. ಎರಡೂ ನಿಜ. ಕೈಗಾ ಕಡಲಿನಿಂದ ಒಳಗೆ, ಕಾಳಿ ನದಿಯ ದಂಡೆಯಲ್ಲಿದೆ. ಅಲ್ಲಿ ಸುನಾಮಿಯ ಮಾತಿಲ್ಲ. ಘಟ್ಟದ ಮಳೆ, ಮೇಲಿನ ಅಣೆಕಟ್ಟುಗಳು, ಗುಡ್ಡ ಕುಸಿತ, ಮಳೆಗಾಲದಲ್ಲಿ ಕಟ್ಟಾಗುವ ರಸ್ತೆ, ಇವು ಅಲ್ಲಿನ ಪ್ರಶ್ನೆಗಳು. ಅಲ್ಲಿ ಇನ್ನೂ ಎರಡು 700 ಮೆಗಾವ್ಯಾಟ್ ಘಟಕಗಳಿಗೆ 2017ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ. ಪರವೋ ವಿರೋಧವೋ ಆಮೇಲೆ ನಿರ್ಧರಿಸೋಣ. ಮೊದಲು ಪ್ರಶ್ನೆ ಸರಿಯಾಗಿ ಕೇಳೋಣ.

6. ಮನೆಯಲ್ಲಿ ಮಾಡುವುದು

ಸ್ಥಾವರದ ಸುತ್ತ ಸುಮಾರು ಹತ್ತು ಮೈಲಿ ದೂರದವರೆಗೆ ತುರ್ತು ಯೋಜನೆ ಇರಬೇಕೆಂಬುದು ಅಮೆರಿಕದ ನಿಯಮ. ಹತ್ತಿರ ಇರುವವರು ನಿಮ್ಮ ವಲಯ ಯಾವುದು, ಯಾವ ರಸ್ತೆಯಲ್ಲಿ ಹೊರಡಬೇಕು ಎಂದು ಕೌಂಟಿಯ ಮಾಹಿತಿಯಲ್ಲಿ ನೋಡಿಟ್ಟುಕೊಳ್ಳಿ. ಬ್ಯಾಟರಿ ರೇಡಿಯೋ, ಔಷಧಿ, ಕುಡಿಯುವ ನೀರು, ಪಾಸ್‌ಪೋರ್ಟು ಒಂದೇ ಚೀಲದಲ್ಲಿರಲಿ. ಎಲ್ಲ ಸಲವೂ ಓಡುವುದೇ ಸರಿಯಲ್ಲ. ಕೆಲವೊಮ್ಮೆ ಕಿಟಕಿ ಮುಚ್ಚಿ ಒಳಗಿರಿ ಎನ್ನುತ್ತಾರೆ. ಪೊಟ್ಯಾಶಿಯಂ ಅಯೊಡೈಡ್ ಮಾತ್ರೆ ಥೈರಾಯ್ಡ್ ಗ್ರಂಥಿಗೆ ಮಾತ್ರ ರಕ್ಷಣೆ. ಅಧಿಕಾರಿಗಳು ಹೇಳಿದಾಗ ಮಾತ್ರ ತೆಗೆದುಕೊಳ್ಳಬೇಕು.

ಮಕ್ಕಳಿಗೊಂದು ಲೆಕ್ಕ. ಅಪ್ಪ ಅಮ್ಮನ ಎದುರಿಗೆ ಎಲೆಕ್ಟ್ರಿಕ್ ಕೆಟಲಿನಲ್ಲಿ ಒಂದು ಲೀಟರ್ ನೀರು ಕಾಯಿಸಿ, ಕುದಿಯಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ನೋಡಿ. ಕೆಟಲಿನ ಅಡಿಯಲ್ಲಿ ಎಷ್ಟು ವ್ಯಾಟ್ ಎಂದು ಬರೆದಿರುತ್ತದೆ. 12 ಮೆಗಾವ್ಯಾಟಿಗೆ ಅಂಥ ಕೆಟಲು ಎಷ್ಟು ಬೇಕು? (1,500 ವ್ಯಾಟಿನದಾದರೆ 8,000.) ನಿಮ್ಮ ಶಾಲೆಯ ಈಜುಕೊಳದ ನೀರು ಅಷ್ಟು ಕೆಟಲುಗಳಿಗೆ ಎಷ್ಟು ಗಂಟೆ ಸಾಲುತ್ತದೆ? ಉತ್ತರವನ್ನು ಮುಂದಿನ ಕನ್ನಡ ಕಲಿ ತರಗತಿಗೆ ತನ್ನಿ.

ಕೊನೆಗೆ ಗೆಳೆಯರಿಗೆ ನಾನು ಹೇಳಿದ್ದು ಇಷ್ಟು: "ಮಗಳು ಹೋಗಲಿ, ಓದಲಿ. ನನ್ನ ಮಗಳಾಗಿದ್ದರೂ ಕಳಿಸುತ್ತಿದ್ದೆ. ಆದರೆ ಅಪಾಯ ಇಲ್ಲವೇ ಇಲ್ಲ ಎಂದು ಮತ್ತೊಮ್ಮೆ ಹೇಳಲಾರೆ. ಅವಳು ಹೊರಡುವ ಮೊದಲು ಆ ಮೂರು ಪ್ರಶ್ನೆ ಓದಿಕೊಳ್ಳಲಿ." ಅವರು ಫೋನು ಮಗಳ ಕೈಗೆ ಕೊಟ್ಟರು. ಹುಡುಗಿ ಎಲ್ಲ ಕೇಳಿಕೊಂಡು, "ಅಂಕಲ್, ಕೊನೆಯ ಜನರೇಟರೂ ನಿಂತರೆ ಗುಡ್ಡದ ನೀರು ಎಷ್ಟು ದಿನ ಬರುತ್ತೆ?" ಎಂದಳು. ಅಜ್ಜಿಯ ಮೊಮ್ಮಗಳೇ ಸೈ! ಈ ಸಲ ನಾನು ನಗಲಿಲ್ಲ. ಪೆನ್ನು, ಕಾಗದ ತೆಗೆದುಕೊಂಡು ಅವಳ ಜೊತೆ ಲೆಕ್ಕಕ್ಕೆ ಕೂತೆ.

ನಿಮ್ಮ ಪ್ರಶ್ನೆಗಳೂ ಇದ್ದರೆ ಬರೆದು ಕಳಿಸಿ.


ನಿಮ್ಮವನೇ ಆದ ಒಬ್ಬ ನಿವೃತ್ತ ಪಂಪ್ ಇಂಜಿನಿಯರ್